ದಯಮಾಡಿ ಬರಬೇಕು: ಹತ್ತೇ ಪ್ರತಿ

ಕಲಾವಿದನಿಗೆ ಬಯ್ಯುವವರ ಭಯವಿಲ್ಲ, ಬಾರದವರದೇ ಭಯ. ಗದಗಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ನಾನು ಒಮ್ಮೆ ಧಾರವಾಡದಲ್ಲಿ ಚಿತ್ರಪ್ರದರ್ಶನ ಇಟ್ಟಾಗ ಅದನ್ನು ನೋಡಿದವರು ಇಬ್ಬರು: ನಾನು ಮತ್ತು ಕಾವಲುಗಾರ. ಅವನೂ ಅರ್ಧಕ್ಕೆ ನಿದ್ದೆ ಹೋದ.

ಆ ಸಂಕಟದಿಂದಲೇ ಎಂಬತ್ತರ ದಶಕದಲ್ಲಿ ನನಗೊಂದು ಪರಿಕಲ್ಪನೆ ಹೊಳೆಯಿತು. ಆಗ ದೊಡ್ಡ ಊರಿನ ಕಲಾವಿದರೆಲ್ಲ ಚಿತ್ರ ಬಿಟ್ಟು, ಯೋಚನೆಯೇ ಕಲೆ ಎಂದು ಪರಿಕಲ್ಪನೆಗೆ ಇಳಿದಿದ್ದರು. ನನ್ನದು ಬಿಳಿ ಕಾಗದದ ನಡುವೆ ಕೆಂಪಕ್ಷರದ 'ದಯಮಾಡಿ ಬರಬೇಕು', ಅಷ್ಟೇ. ಯಾರು ಕರೆದರು, ಎಲ್ಲಿಗೆ, ಯಾವಾಗ, ಒಂದೂ ಇಲ್ಲ. ಬೆಟಗೇರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಹುಸೇನಸಾಬರ ಸ್ಕ್ರೀನ್ ಪ್ರಿಂಟಿನ ರೇಷ್ಮೆ ಪರದೆಯಿಂದ ಹತ್ತೇ ಪ್ರತಿ ತೆಗೆಸಿ, ಹಿಂಬದಿಗೆ ನಂಬರು ಹಾಕಿ ಸಹಿ ಮಾಡಿದೆ. ಇನ್ನು ಅಕ್ಷರ ಅಳಿಯುವಂತೆ ಪರದೆ ತೊಳೆದುಬಿಡಿ ಎಂದೆ.

"ಹತ್ತಕ್ಕ ಯಾಕ ನಿಲ್ಲಸ್ತೀರಿ ಸರ? ಊರಿಗೆಲ್ಲಾ ಆಗೂವಷ್ಟು ತಗದ ಕೊಡ್ತೀನ್ರಿ," ಎಂದು ಅವರು ಮರುಗಿದರು. ಹನ್ನೊಂದನೆಯದು ಹುಟ್ಟಬಾರದು, ಅದೇ ಇದರ ಹೆಚ್ಚುಗಾರಿಕೆ ಎಂದು ಎದುರಿಗೇ ನಿಂತು ತೊಳೆಸಿದೆ.

ಮರುವಾರ ಧಾರವಾಡದ ಪ್ರದರ್ಶನಕ್ಕೆ ಒಯ್ಯಬೇಕೆಂದು ಹತ್ತನ್ನೂ ಮಂಚದ ಮೇಲೆ ಹರವಿ ಶಾಲೆಗೆ ಹೋದೆ. ಸಂಜೆ ಬಂದರೆ ಮಂಚ ಖಾಲಿ. ಅವ್ವನ ಬೆರಳೆಲ್ಲ ಅರಿಶಿನ.

"ಕರಿಯೂ ಕಾಗದಕ್ಕ ಅರಿಷಿಣಾ ಹಚ್ಚದ ಹಂಗ ಇಟ್ಟಿದ್ದೆಲ್ಲೋ! ನಾಕೂ ಮೂಲಿಗೆ ಹಚ್ಚಿ ಓಣ್ಯಾಗ ಕೊಟ್ಟ ಬಂದೇನಿ. ದಿನಾ, ವ್ಯಾಳೆ ಹಾಕ್ಸೂದ ಮರತಿದ್ದಿ. ಇವತ್ತ ಸಂಜಿಮುಂದ ಅಂತ ಬಾಯಿಲೆ ಹೇಳೇನಿ ಬಿಡು."

ನಾನು ತಲೆಯ ಮೇಲೆ ಕೈ ಹೊತ್ತು ಕೂಡುವಷ್ಟರಲ್ಲಿ ಹತ್ತೂ ಮನೆಯವರು ಒಗೆದ ಬಟ್ಟೆ ತೊಟ್ಟು ಬಂದೇಬಿಟ್ಟರು. ಅವ್ವ ಮಂಡಕ್ಕಿ ಒಗ್ಗರಣೆಗೆ ಓಡಿದಳು.

"ಕಾರ್ಯ ಏನ್ರಿ ಮಾಸ್ತರ?" ಎಂದು ಓಣಿಯ ಹಿರಿಯ ಶಿವಪ್ಪಜ್ಜ ಕೇಳಿದ.

"ಏನೂ ಇಲ್ಲಜ್ಜಾ. ಬರ್ರಿ ಅಂದೆ, ಅಷ್ಟ."

"ಆತಲ್ಲ, ಬಂದ್ವಿ," ಎಂದು ಅಜ್ಜ ಜಮಖಾನೆಯ ಮೇಲೆ ಆರಾಮವಾಗಿ ಕುಳಿತ. ನಾನು ಒಳಗಿಂದ ಇನ್ನೊಂದು ಜಮಖಾನೆ ತಂದು ಹಾಸಿದೆ.

ಆದರೂ ಮಾರನೆಯ ದಿನ ಆಸೆ ಬಿಡದೆ, ಒಂದಾದರೂ ಪ್ರತಿ ಕೊಡಿ ಎಂದು ಮನೆಮನೆ ಅಲೆದೆ. "ಕರದ ಪತ್ರಿಕಿ ಹೊಳ್ಳಿ ಕೇಳ್ತಾರೇನ್ರಿ? ದೇವರ ಮುಂದ ಇಟ್ಟೇನಿ," ಎಂದಳು ಎದುರುಮನೆಯ ಗಂಗವ್ವ. ಉಳಿದವರದೂ ಅದೇ ಮಾತು. ಧಾರವಾಡಕ್ಕೆ ನಾನು ಬರಿಗೈಲೇ ಹೋದೆ.

ಅಂದಿನಿಂದ ಆ ಹತ್ತೂ ಮನೆಯವರು ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಲಗ್ನ, ಯಾವುದಿದ್ದರೂ ಮೊದಲು ನನ್ನನ್ನೇ ಕರೆಯುತ್ತಾರೆ. ಅವರ ಪತ್ರಿಕೆಯಲ್ಲಿ ದಿನ, ವೇಳೆ, ಸ್ಥಳ ಎಲ್ಲವೂ ಸ್ಪಷ್ಟವಾಗಿರುತ್ತವೆ. ಇದು ಬರೀ ಪರಿಕಲ್ಪನೆ ಎಂದು ಹೇಳಿ ನಾನು ಮನೆಯಲ್ಲೇ ಕೂಡುವಂತಿಲ್ಲ.