ಅತ್ತೆ ಪಾಸು ಮಾಡಿದ ಮ್ಯಾಕ್ಸಿ

ನಮ್ಮ ಸೋದರತ್ತೆಯ ಜೊತೆ ಬಟ್ಟೆ ಅಂಗಡಿಗೆ ಒಂದು ಸಲ ಹೋದವರು ಎರಡನೇ ಸಲ ಹೋಗುವುದಿಲ್ಲ. ಹೋದರೂ ಅಂಗಡಿಯವರು ಒಳಗೆ ಕರೆಯುವುದಿಲ್ಲ. ಮಸ್ಕಿಯಲ್ಲಿ ಆಕೆ ಬಜಾರಿಗೆ ಬಂದಳೆಂದರೆ ಅಂಗಡಿಯವರು ಹೂವಿನ ಸೀರೆಗಳನ್ನು ಹಿಂದಕ್ಕೆ ಸರಿಸಿ, ಗೆರೆಯವು, ಚೌಕಡಿಯವು ಮಾತ್ರ ಮುಂದೆ ಇಡುತ್ತಾರೆ ಎಂದು ನಮ್ಮವ್ವ ಹೇಳುತ್ತಾಳೆ. ಅವ್ವನ ಮಾತಿನಲ್ಲಿ ಅರ್ಧ ಬಿಟ್ಟುಬಿಡಬೇಕು, ನಿಜ. ಆದರೆ ಉಳಿದರ್ಧಕ್ಕೆ ನಾನೇ ಸಾಕ್ಷಿ ಇದ್ದೇನೆ.

ಅತ್ತೆ ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದಾಕೆ. ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ "ಪೋರ್ಷನ್ ಮುಗೀಲಿಲ್ಲ" ಎನ್ನುತ್ತಾಳೆ. ನಿವೃತ್ತಿಯಾದ ಮೇಲೆ ಪೋರ್ಷನ್ ಮುಗಿಯಿತು, ಕಲಿಸುವುದು ಮುಗಿಯಲಿಲ್ಲ. ಪರ್ಸಿನಲ್ಲಿ ಸದಾ ಒಂದು ಭೂತಗನ್ನಡಿ ಇರುತ್ತದೆ. ಬೇರೆ ಹೆಂಗಸರು ಬಟ್ಟೆಯಲ್ಲಿ ಬಣ್ಣ ನೋಡುತ್ತಾರೆ, ಬಾಳಿಕೆ ನೋಡುತ್ತಾರೆ. ನಮ್ಮತ್ತೆ ಎಸಳು ಎಣಿಸುತ್ತಾಳೆ.

"ಇದು ದಾಸವಾಳ ಅಲ್ಲೇನ್ರಿ?"

"ಹೌದ್ರಿ ಅಕ್ಕಾರ, ಹೊಸಾ ಡಿಸೈನ್."

"ಆರು ಎಸಳು ಅದಾವಲ್ಲ. ದಾಸವಾಳಕ್ಕ ಐದು. ಮತ್ತ ಈ ಎಲಿ ಯಾರದು? ಬೇವಿಂದು."

"ಸೂರತ್ ಮಾಲ್ ರೀ ಇದು."

"ಸೂರತ್‌ನ್ಯಾಗ ದಾಸವಾಳದ ಗಿಡಕ್ಕ ಬೇವಿನ ಎಲಿ ಬಿಡ್ತಾವೇನು?"

ಅಂಗಡಿಯಾತ ಏನು ಹೇಳಬೇಕು? ಆತನ ಮಗಳು ಅತ್ತೆಯ ಕೈಯಲ್ಲೇ ಓದಿ ಪಾಸಾದವಳು. ಪಾಪ, ಸೀರೆ ಮಡಚಿ ಒಳಗಿಟ್ಟ.

ಇಂಥ ಅತ್ತೆ ನನ್ನ ನಿಶ್ಚಯದ ಬಟ್ಟೆಗೆ ಕೈ ಹಾಕಿದಳು. ನನ್ನ ಎರಡನೇ ನಿಶ್ಚಯ. ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲನೇ ಮದುವೆ ನಾಲ್ಕು ವರ್ಷ ನಡೆದು, ಕೋರ್ಟಿನ ಒಂದು ಕಾಗದದಲ್ಲಿ ಮುಗಿಯಿತು. ಆಮೇಲೆ ಏಳೆಂಟು ವರ್ಷ ನಾನು ಲಿಂಗಸುಗೂರಿನಲ್ಲಿ ಅವ್ವನ ಜೊತೆ ಇದ್ದೆ. ಹತ್ತು ಗಂಟೆಗೆ ಕಚೇರಿ, ಆರು ಗಂಟೆಗೆ ಮನೆ. ಹೀಗಿರುವಾಗ ಮುದಗಲ್‌ನಿಂದ ಒಂದು ಸಂಬಂಧ ಬಂತು. ಆತನಿಗೆ ಕರೆಂಟಿನ ಸಾಮಾನಿನ ಅಂಗಡಿ. ಹೆಂಡತಿ ಜಡ್ಡಿನಿಂದ ತೀರಿಕೊಂಡಿದ್ದಳು. ಮನೆಯಲ್ಲಿ ಆತ, ಆತನ ತಾಯಿ ಇಬ್ಬರೇ. ಎರಡು ಸಲ ಭೇಟಿಯಾದೆವು. ಆತನದು ಮಾತು ಕಡಿಮೆ. ನನಗೂ ಅಷ್ಟೇ ಬೇಕಾಗಿತ್ತು. ಒಪ್ಪಿದೆ.

"ಎರಡನೇ ಸಲಕ್ಕ ಎದ್ದು ಕಾಣೂವಂಥದ್ದು ಬ್ಯಾಡವ್ವ, ಸಾದಾ ಇರಲಿ. ಮಂದಿ ಏನಾರ ಅಂತಾರ" ಎಂದಳು ಅವ್ವ. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಗೋಡೆಯ ಜೊತೆ ಗೋಡೆಯಾಗಿ ಕೂತು ಎದ್ದು ಬಂದರೆ ಸಾಕು ಅನಿಸಿತ್ತು. ಬೀರುವಿನಿಂದ ಒಂದು ಬಿಸ್ಕೀಟ್ ಬಣ್ಣದ ಸೀರೆ ತೆಗೆದಿಟ್ಟೆ. ಅವತ್ತು ಸಂಜೆಯೇ ಅತ್ತೆಯ ಫೋನು ಬಂತು.

"ಯಾವ ಸೀರಿ?"

"ಬಿಸ್ಕೀಟ್ ಬಣ್ಣದ್ದು ಅತ್ತಿ."

"ಬಿಸ್ಕೀಟು ಚಾದಾಗ ಅದ್ದೂದಕ್ಕ. ಐತವಾರ ಸಿಂಧನೂರಿಗೆ ಹೋಗೂಣು. ಮಸ್ಕ್ಯಾಗ ನಾ ಬಸ್ ಹತ್ತತೀನಿ. ಹೂವಿನ ಮ್ಯಾಕ್ಸಿ ತರೂಣು."

ಸ್ಪೀಕರ್ ಹಾಕಿದ್ದು ನನ್ನ ತಪ್ಪು. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ನಮ್ಮ ಕಡೆ ಮ್ಯಾಕ್ಸಿ ಎಂದರೆ ಏನು? ನೈಟಿ. ಹೆಂಗಸರು ಮೇಲೊಂದು ಟವೆಲ್ ಹಾಕಿಕೊಂಡು, ಮುಂಜಾನೆ ಬಾಗಿಲಿಗೆ ನೀರು ಹಾಕುವಾಗ ತೊಡುವಂಥದ್ದು.

"ಅಕ್ಕಾರ, ನಿಶ್ಚಯಕ್ಕ ಮ್ಯಾಕ್ಸಿ ಹಾಕ್ಕೊಂಡು ಕುಂದರತಾಳೇನ್ರಿ? ಮುದಗಲ್‌ನವರು ಚಾ ಸೈತ ಕುಡೀದ ಎದ್ದು ಹೋಗ್ತಾರ."

"ಅದು ಮಲಗೂ ಮ್ಯಾಕ್ಸಿ. ನಾ ಹೇಳಾಕತ್ತಿದ್ದು ಎದ್ದು ನಿಲ್ಲೂ ಮ್ಯಾಕ್ಸಿ" ಎಂದು ಅತ್ತೆ ಫೋನ್ ಇಟ್ಟಳು. ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯ ಸಮಾರಂಭದಲ್ಲಿ ಅಂಥದ್ದೊಂದನ್ನು ನೋಡಿ ಬಂದಿದ್ದಳಂತೆ. ಕುತ್ತಿಗೆಯಿಂದ ಪಾದದವರೆಗೆ ಒಂದೇ ಉದ್ದ, ಮೈ ತುಂಬ ಹೂವು.

ಸಿಂಧನೂರಿನ ಮೊದಲನೇ ಅಂಗಡಿಯಲ್ಲಿ ರೆಡಿಮೇಡ್ ಮ್ಯಾಕ್ಸಿಗಳು ಸಾಲಾಗಿ ತೂಗುತ್ತಿದ್ದವು. ಅತ್ತೆ ಭೂತಗನ್ನಡಿ ತೆಗೆದಳು. ಒಂದರಲ್ಲಿ ಗುಲಾಬಿಗೆ ಮುಳ್ಳಿಲ್ಲ. ಇನ್ನೊಂದರಲ್ಲಿ ತಾವರೆ ಬಳ್ಳಿಯ ಮೇಲೆ ಬಿಟ್ಟಿತ್ತು. ಮೂರನೆಯದರಲ್ಲಿದ್ದ ಹೂವು ಯಾವುದೆಂದು ಅಂಗಡಿಯ ಹುಡುಗಿಯನ್ನು ಕೇಳಿದಳು. ಆ ಹುಡುಗಿ "ಫ್ಯಾನ್ಸಿ ಹೂವು ರೀ" ಎಂದಿತು. ಆ ಉತ್ತರಕ್ಕೆ ಅತ್ತೆ ಸೊನ್ನೆ ಕೊಟ್ಟಳು ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಕೊನೆಗೆ ಒಂದು ಸಾಧಾರಣ ತೇರ್ಗಡೆಯಾಯಿತು. ತೊಟ್ಟು ಹೊರಗೆ ಬಂದೆ. ಅಲ್ಲಿಂದ ಪ್ರಾಕ್ಟಿಕಲ್ ಪರೀಕ್ಷೆ ಶುರು. ನಡಿ ಎಂದಳು, ನಡೆದೆ. ಫ್ಯಾನಿನ ಕೆಳಗೆ ನಿಲ್ಲು ಎಂದಳು, ಗಾಳಿಗೆ ಎಷ್ಟು ಹಾರುತ್ತದೆ ನೋಡಬೇಕಂತೆ. ನಿಂತೆ. ಆಮೇಲೆ ಸ್ಟೂಲಿನ ಮೇಲೆ ತಾನು ಹಿರಿಯಳಂತೆ ಕಾಲು ಜೋಡಿಸಿ ಕೂತು, "ನಾ ಮುದಗಲ್ಲಿನಾಕಿ, ನಿಮ್ಮತ್ತಿ ಆಗಾಕಿ. ನಮಸ್ಕಾರ ಮಾಡು" ಎಂದಳು. ಬಗ್ಗಿದೆ. ಏಳುವಾಗ ಅಂಚಿನ ಮೇಲೆ ಕಾಲಿಟ್ಟು ನೇರ ಆಕೆಯ ತೊಡೆಯ ಮೇಲೆ ಬಿದ್ದೆ.

"ಫೇಲ್" ಎಂದಳು ಅತ್ತೆ.

ಫೇಲಾದದ್ದು ಬಟ್ಟೆಯೋ ನಾನೋ ಕೇಳುವ ಧೈರ್ಯವಾಗಲಿಲ್ಲ. ಅಂಗಡಿಯ ಹುಡುಗಿಯರೆಲ್ಲ ಸೇರಿ ನಗುತ್ತಿದ್ದರು. ನನಗೂ ನಗು ಬಂತು. ಬಟ್ಟೆ ಅಂಗಡಿಯಲ್ಲಿ ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ಎರಡನೇ ಅಂಗಡಿಯಲ್ಲಿ ಥಾನಿನ ಬಟ್ಟೆ ನೋಡಿದೆವು. ಅರ್ಧ ತಾಸಿನ ಮೇಲೆ ಅಂಗಡಿಯಾತ ತಾನಾಗಿಯೇ ಒಂದನ್ನು ಪಕ್ಕಕ್ಕೆ ಸರಿಸಿದ. ಕಡು ಹಸಿರು ಬಟ್ಟೆ. ಅದರ ತುಂಬ ತಿಳಿ ಹಳದಿ ಹೂವು, ನಡುವೆ ಅಲ್ಲಲ್ಲಿ ಗುಲಾಬಿ ಬಣ್ಣದವು.

"ಅದು ಬ್ಯಾಡ್ರಿ ಅಕ್ಕಾರ. ಒಂದ ಟೊಂಗಿಗೆ ಎರಡು ಬಣ್ಣದ ಹೂ ಬಂದಾವು. ಪ್ರಿಂಟ್ ಮಾಡೂವಾಗ ತಪ್ಯಾರ."

ಅತ್ತೆ ಅದನ್ನು ಎಳೆದುಕೊಂಡಳು. ಐದು ಎಸಳು ಎಣಿಸಿದಳು. ಹೂವಿನ ಬುಡದಲ್ಲಿ ಹಲ್ಲುಹಲ್ಲಾದ ಮೂರು ಸಣ್ಣ ಎಲೆಗಳಿದ್ದವು. ಅವನ್ನೂ ಎಣಿಸಿದಳು. ಆಮೇಲೆ ಭೂತಗನ್ನಡಿ ಕೆಳಗಿಟ್ಟು ಅಂಗಡಿಯಾತನನ್ನು ನೋಡಿದ ರೀತಿ, ಹತ್ತನೇ ಕ್ಲಾಸಿನಲ್ಲಿ ಯಾರೋ ನೂರಕ್ಕೆ ನೂರು ತೆಗೆದಾಗಿನ ರೀತಿ.

"ಯಾರೂ ತಪ್ಪಿಲ್ಲ. ಇದು ಹತ್ತಿ ಹೂ. ಮೊದಲ್ನೇ ದಿನ ಹಳದಿ ಇರ್ತೈತಿ, ಮರುದಿನ ಗುಲಾಬಿ ಆಗ್ತೈತಿ. ಅದಕ್ಕ ಒಂದ ಗಿಡದಾಗ ಎರಡೂ ಕಾಣ್ತಾವ. ಸುತ್ತ ಹೊಲ ಇಟ್ಟುಕೊಂಡು ಇಷ್ಟು ನೋಡಿಲ್ಲೇನ್ರಿ ನೀವು?"

"ನಾವು ಭತ್ತದವರು ರೀ" ಎಂದ ಆತ, ತಪ್ಪೊಪ್ಪಿಕೊಂಡವನಂತೆ.

ಲಿಂಗಸುಗೂರಿನಲ್ಲಿ ನಮ್ಮ ಬಟ್ಟೆ ಹೊಲಿಯುವ ಆಪಾ ಒಬ್ಬರಿದ್ದಾರೆ. ಬಹಳ ಶಾಂತ ಸ್ವಭಾವದವರು. ಅತ್ತೆಯ ಒಂದು ಭೇಟಿಯಲ್ಲಿ ಆ ಶಾಂತಿಯ ಕೊನೆ ಕಂಡಿತು. ಹೊಲಿಗೆ ಎಲ್ಲೂ ಹೂವಿನ ನಡುವೆ ಹೋಗಬಾರದು. ತೋಳು ಮೊಣಕೈ ದಾಟಬೇಕು, ಮಣಿಕಟ್ಟು ಮುಟ್ಟಬಾರದು. ಉದ್ದ ಪಾದದ ಗಂಟಿನವರೆಗೆ ಮಾತ್ರ, ನಮಸ್ಕಾರ ಮಾಡಿ ಎದ್ದರೂ ಕಾಲಿಗೆ ಸಿಗಬಾರದು. ಆಪಾ ಎಲ್ಲ ಬರೆದುಕೊಂಡರು. ಕೊನೆಗೆ ಅತ್ತೆ, "ಎರಡೂ ಕಡೆ ಕಿಸೆ ಇಡ್ರಿ" ಎಂದಾಗ ಪೆನ್ಸಿಲ್ ನಿಂತಿತು.

"ನಿಶ್ಚಯದ ಬಟ್ಟೀಗೆ ಕಿಸೆ ಯಾಕ್ರಿ ಟೀಚರ್ರ?"

"ಕೈ ನಡುಗಿದ್ರ ಎಲ್ಲಿ ಇಟ್ಟುಕೊಳ್ಳಬೇಕ್ರಿ ಹುಡುಗಿ?"

ಆಪಾ ನನ್ನನ್ನು ನೋಡಿದರು. ಕಿಸೆ ಬರೆದುಕೊಂಡರು.

ಇನ್ನು ಉಳಿದದ್ದು ಸಿಂಗಾರ. ಹೂವಿನ ಬಟ್ಟೆಯ ಮೇಲೆ ತಲೆಗೆ ಹೂವಿನ ದಂಡೆ ಬೇಡ, ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕು ಎಂದು ಅತ್ತೆ ಅದನ್ನು ತೆಗೆದುಹಾಕಿದಳು. ಕಿವಿಗೆ ಸಣ್ಣ ಮುತ್ತು, ಕೈಗೆ ಹಸಿರು ಬಳೆ, ಕಾಲಿಗೆ ಎತ್ತರವಿಲ್ಲದ ಚಪ್ಪಲಿ. ಸೊಂಟಕ್ಕೆ ಏನು ಎಂಬಲ್ಲಿ ಮಾತು ನಿಂತಿತು. ಹೊಲಿದು ಬಂದ ಮ್ಯಾಕ್ಸಿಗೆ ಬೆಲ್ಟು ಬೇಕಾಗಿತ್ತು, ಅಂಗಡಿಯ ಬೆಲ್ಟು ಯಾವುದೂ ಹೊಂದಲಿಲ್ಲ. ಇಷ್ಟು ದಿನ "ನನಗೇನೂ ಕೇಳಬ್ಯಾಡ್ರಿ" ಎಂದು ಮುನಿದುಕೊಂಡಿದ್ದ ಅವ್ವ ಒಳಗೆ ಹೋದಳು. ಟ್ರಂಕು ತೆಗೆದ ಸದ್ದಾಯಿತು. ಅಜ್ಜಿಯ ಬೆಳ್ಳಿಯ ಡಾಬು ತಂದು, ವಿಭೂತಿ ಹಚ್ಚಿ ತಿಕ್ಕಿ ತಿಕ್ಕಿ ಬೆಳಗಿಸಿ, ತಾನೇ ನನ್ನ ನಡುವಿಗೆ ಸುತ್ತಿ ಕೊಂಡಿ ಹಾಕಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಮಲಗೂ ಮ್ಯಾಕ್ಸಿ ಅಲ್ಲ ಬಿಡು" ಎಂದಳು. ಅವ್ವನ ಬಾಯಿಂದ ಅದು ದೊಡ್ಡ ಹೊಗಳಿಕೆ.

ನಿಶ್ಚಯದ ದಿನ ಮುದಗಲ್‌ನಿಂದ ಎಂಟು ಹತ್ತು ಜನ ಬಂದರು. ನಾನು ಹೊರಗೆ ಬಂದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಎರಡೂ ಕೈ ಕಿಸೆಯೊಳಗಿದ್ದವು. ಆತ ಮಾತ್ರ ಒಂದು ಸಲ ನೋಡಿ, ಕಿವಿಯವರೆಗೆ ಕೆಂಪಾಗಿ, ನೆಲ ನೋಡತೊಡಗಿದ. ಆತನ ತಾಯಿ ಕನ್ನಡಕ ಸರಿ ಮಾಡಿಕೊಂಡು ನನ್ನನ್ನು ಹತ್ತಿರ ಕರೆದರು. ಬಟ್ಟೆಯ ತುದಿ ಹಿಡಿದು, ಕಣ್ಣಿನ ಹತ್ತಿರ ತಂದು ನೋಡಿದರು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

"ಹತ್ತಿ ಹೂ ಅಲ್ಲೇನಬೇ ಇದು?"

ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟಳು. "ಹೌದ್ರಿ. ಹೆಂಗ ಗುರುತು ಹಿಡದ್ರಿ?"

"ಹುಟ್ಟಿದಾಗಿಂದ ಬಿಡಿಸಿಕೊಂತ ಬಂದೀನ್ರಿ, ಗುರುತು ಸಿಗೂದಿಲ್ಲೇನು?"

ಮುಗಿಯಿತು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತರು. ಹೂವಿನಿಂದ ಕಾಯಿಗೆ ಹೋದರು, ಕಾಯಿಯಿಂದ ಕಾಯಿ ಕೊರೆಯುವ ಹುಳಕ್ಕೆ ಬಂದರು. ಅಲ್ಲಿಂದ ಬೆಳೆಗೆ ಔಷಧದ ಎಣ್ಣೆ ಹೊಡೆಯುವುದು, ಮೊದಲಿನ ಬೀಜ, ಈಗಿನ ಬೀಜ. ಉಂಗುರದ ತಟ್ಟೆ ಹಿಡಿದು ನಿಂತಿದ್ದ ಅಯ್ಯನವರು ಎರಡು ಸಲ ಕೆಮ್ಮಿದರು. ಮೂರನೇ ಸಲ "ತಾಯಿ, ಹೊತ್ತು ಮೀರಾಕತ್ತೈತ್ರಿ" ಎಂದರು. ಮದುಮಗನಾಗುವವನ ತಾಯಿ ತಿರುಗಿ ನೋಡದೆ "ಹಾಕಿಸ್ರಿ ಹಾಕಿಸ್ರಿ, ನಾವೇನು ಬ್ಯಾಡ ಅಂದೀವೇನು?" ಎಂದರು. ಹೀಗೆ ನನ್ನ ನಿಶ್ಚಯ ಹುಳದ ಮಾತಿನ ನಡುವೆ ಆಯಿತು.

ಸಂಜೆ ಅತ್ತೆಯನ್ನು ಮಸ್ಕಿ ಬಸ್ಸಿಗೆ ಬಿಡಲು ಸ್ಟ್ಯಾಂಡಿಗೆ ಹೋದೆ. ಬೆಂಚಿನ ಮೇಲೆ ಕೂತೆವು. ಅತ್ತೆ ಪರ್ಸಿನಿಂದ ಭೂತಗನ್ನಡಿ ತೆಗೆದು ಮತ್ತೆ ಒಳಗಿಟ್ಟಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು.

"ಮೊದಲ್ನೇ ಸಂಬಂಧ ನೋಡಾಕ ಹೋದಾಗ ನಾನೂ ಹೋಗಿದ್ದೆ. ನಿನಗ ಗೊತ್ತಿಲ್ಲ. ಆ ಹುಡುಗನ ತಂಗಿ ನೀರು ತಗೊಂಡು ಬಂದ್ಲು. ಅವ ಆಕೀನ ಹೆಂಗ ಗುರಾಯಿಸಿ ನೋಡಿದ ಅಂದ್ರ, ಆಕಿ ಅರ್ಧಕ್ಕ ನಿಂತಬಿಟ್ಲು, ಮುಂದಕ್ಕ ಬರಲಿಲ್ಲ. ನಾ ಕಂಡೆ. ನಿಮ್ಮಪ್ಪಗ ಹೇಳಬೇಕಿತ್ತು. ಎಲ್ಲಾರೂ ಖುಷಿ ಇದ್ರು. ಮದುವಿ ಆಗದಾಕಿಗೆ ಏನು ತಿಳೀತೈತಿ ಅಂತಾರ ಅಂತ ಸುಮ್ಮನಾದೆ."

ಅಪ್ಪ ಈಗ ಇಲ್ಲ. ಇಷ್ಟು ವರ್ಷ ಆಕೆ ಇದನ್ನು ಒಬ್ಬಳೇ ಇಟ್ಟುಕೊಂಡಿದ್ದಳು.

"ಅದಕ್ಕ ಈ ಸಲ ನಾ ಮುದಗಲ್ಲಿಗೆ ಹೋಗಿದ್ದೆ. ಯಾರಿಗೂ ಹೇಳಲಿಲ್ಲ. ಅವರ ಮನಿ ಎದುರಿಗೆ ನನ್ನ ಹತ್ರ ಓದಿದ ಹುಡುಗಿ ಅದಾಳ. ಎರಡು ಐತವಾರ ಆಕಿ ಮನ್ಯಾಗ ಕಿಟಕಿ ಮುಂದ ಕುಂತೆ. ಎರಡನೇ ಐತವಾರ ಆತ ಅಂಗಳದಾಗಿನ ಹಗ್ಗದ ಮ್ಯಾಲಿಂದ ಅವ್ವನ ಸೀರಿ ತಗದು ಮಡಚಾಕತ್ತಿದ್ದ. ಅಂಚಿಗೆ ಅಂಚು ಕೂಡಿಸಿ, ಸಮಾಧಾನದಿಂದ. ಯಾರೂ ಹೇಳಿದ್ದಿಲ್ಲ, ಯಾರೂ ನೋಡಾಕತ್ತಿದ್ದಿಲ್ಲ."

ಅಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಈ ಸಲ ನೋಡೂದ್ರಾಗ ನಾ ತಪ್ಪಿಲ್ಲ, ಹೌದಿಲ್ಲೋ?"

ಮೂವತ್ತು ವರ್ಷ ಉತ್ತರ ಹೇಳಿಕೊಟ್ಟಾಕೆ ನನ್ನನ್ನು ಕೇಳುತ್ತಿದ್ದಳು. ನಾನು ಆಕೆಯ ಕೈ ಹಿಡಿದು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಮಸ್ಕಿಯ ಬಸ್ಸು ಬಂತು. ಹೋಯಿತು. ಇನ್ನೊಂದು ಬಂತು, ಕಂಡಕ್ಟರ್ ನಮ್ಮನ್ನೇ ನೋಡಿ ಎರಡು ಸಲ ಕೂಗಿದ. ಅದೂ ಹೋಯಿತು. ನಾವಿಬ್ಬರೂ ಏಳಲಿಲ್ಲ.