ಅಮೆರಿಕ ಕಾಣದವನ ನಲವತ್ತಮೂರು ಸಲಹೆಗಳು

ಕೆಲವರಿಗೆ ನಶ್ಯದ ಚಟವಿರುತ್ತದೆ, ಕೆಲವರಿಗೆ ಇಸ್ಪೀಟಿನದು. ನನಗೆ ಸಲಹೆ ಕೊಡುವ ಚಟ. ಉಳಿದ ಚಟಗಳಲ್ಲಿ ಹಾಳಾಗುವವನು ಚಟವಿದ್ದವನೇ. ನನ್ನದರಲ್ಲಿ ಹಾಳಾಗುವುದು ಎದುರಿಗೆ ಕೂತವನು. ಹಾಗಾಗಿ ಇದನ್ನು ಬಿಡಬೇಕೆಂದು ನನಗೆ ಎಷ್ಟೋ ವರ್ಷ ಅನಿಸಿಯೇ ಇರಲಿಲ್ಲ. ಬಹರೈನಿಗೆ ಬಂದು ಹದಿನೆಂಟು ವರ್ಷವಾಗುವ ಹೊತ್ತಿಗೆ ಈ ವಿಷಯದಲ್ಲಿ ನಾನು ಒಂದು ಸಣ್ಣ ಸರ್ಕಾರಿ ಕಚೇರಿಯಷ್ಟು ಬೆಳೆದಿದ್ದೆ. ಉಡುಪಿ, ಕುಂದಾಪುರ, ಮಂಗಳೂರು ಕಡೆಯಿಂದ ಹೊಸಬರು ಯಾರೇ ಬಂದಿಳಿಯಲಿ, ಮೊದಲ ಶುಕ್ರವಾರ ಅವರನ್ನು ಗುಫೂಲಿನ ನಮ್ಮ ಫ್ಲ್ಯಾಟಿಗೆ ಕರೆತಂದು ನನ್ನೆದುರು ಕೂರಿಸುವುದು ರೂಢಿಯಾಗಿತ್ತು. ಗುರುತಿನ ಸಿಪಿಆರ್ ಕಾರ್ಡು ಸದಾ ಕಿಸೆಯಲ್ಲಿರಬೇಕು, ಕುಚ್ಚಲಕ್ಕಿ ಯಾವ ಗಲ್ಲಿಯ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯಲ್ಲಿ ಸಿಗುತ್ತದೆ, ಆಗಸ್ಟಿನಲ್ಲಿ ಕಾರಿನ ಬಾಗಿಲಿಗೆ ಬರಿಗೈ ಹಾಕಬಾರದು ಎಂದು ನಾನು ಶುರು ಮಾಡುತ್ತಿದ್ದಂತೆ, ನನ್ನ ಹೆಂಡತಿ ಸುಮತಿ ಚಹಾ ತಂದಿಟ್ಟು, ಬಂದವರ ಮುಖವನ್ನೊಮ್ಮೆ ಕನಿಕರದಿಂದ ನೋಡಿ ಒಳಗೆ ಹೋಗುತ್ತಿದ್ದಳು.

ಮನಾಮಾದಲ್ಲಿ ನಾನು ಕೆಲಸ ಮಾಡುತ್ತಿದ್ದದ್ದು ಎಸಿ ಬಿಡಿಭಾಗ ಮಾರುವ ಒಂದು ಕಂಪನಿಯ ಖರೀದಿ ವಿಭಾಗದಲ್ಲಿ. ನನ್ನ ಪಕ್ಕದ ಮೇಜಿನವನು ಎಮೆಕಾ. ನೈಜೀರಿಯಾದವನು, ನನಗಿಂತ ಹದಿನೈದು ವರ್ಷ ಚಿಕ್ಕವನು, ಬಹರೈನಿಗೆ ಬಂದು ಮೂರೇ ವರ್ಷವಾಗಿತ್ತು. ನನ್ನನ್ನು ‘ಓಗಾ’ ಎಂದು ಕರೆಯುತ್ತಿದ್ದ. ಅವನ ಊರಿನಲ್ಲಿ ಹಿರಿಯರನ್ನು, ಯಜಮಾನರನ್ನು ಹಾಗೆ ಕರೆಯುತ್ತಾರಂತೆ. ಸ್ವಂತ ಮಗಳೇ ಅಪ್ಪ ಎನ್ನುವುದನ್ನು ಬಿಟ್ಟು ಇಂಗ್ಲಿಷಿನಲ್ಲಿ ‘ಡ್ಯಾಡ್, ಪ್ಲೀಸ್’ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಳ್ಳುವ ಕಾಲದಲ್ಲಿ, ದಿನಕ್ಕೆ ಇಪ್ಪತ್ತು ಸಲ ಯಜಮಾನನಾಗುವ ಸುಖ ಸಣ್ಣದಲ್ಲ. ಅವನ ಹೆಂಡತಿ ಅಡಾ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಇಬ್ಬರು ಹೆಣ್ಣುಮಕ್ಕಳು, ಒಬ್ಬಳಿಗೆ ಏಳು, ಇನ್ನೊಬ್ಬಳಿಗೆ ನಾಲ್ಕು. ಸನದ್‌ನಲ್ಲಿ ಅವರ ಮನೆ.

ಒಂದು ದಿನ ಊಟದ ಹೊತ್ತಿಗೆ ಎಮೆಕಾ ದನಿ ತಗ್ಗಿಸಿ ಸುದ್ದಿ ಹೇಳಿದ. ಅವನಿಗೆ ಅಮೆರಿಕದ ಲಾಟರಿ ವೀಸಾ ಹತ್ತಿತ್ತು. ನಾಲ್ವರಿಗೂ ಕಾಯಂ ವಾಸದ ಪರವಾನಗಿ. ಆರು ತಿಂಗಳೊಳಗೆ ಅಲ್ಲಿ ಕಾಲಿಡಬೇಕು, ಇಲ್ಲವಾದರೆ ವೀಸಾ ರದ್ದು. ಮತ್ತೆ ಸಿಗುವ ಆಸೆಯಿಲ್ಲ. ಅದರಲ್ಲಿ ನಾಲ್ಕು ತಿಂಗಳು ಆಗಲೇ ಕಾಗದಪತ್ರಗಳಲ್ಲಿ ಕಳೆದಿತ್ತು. ರಾಜೀನಾಮೆ ಪತ್ರವನ್ನು ಟೈಪ್ ಮಾಡಿ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದ, ಕೊಡಲು ಧೈರ್ಯ ಬಂದಿರಲಿಲ್ಲ. ‘ಹ್ಯೂಸ್ಟನ್ನಿನಲ್ಲಿ ನನ್ನ ಚಿಕ್ಕಪ್ಪನ ಮಗ ಇದ್ದಾನೆ. ಅವನಿಗೆ ತನ್ನ ಕಾರಿನ ಬಗ್ಗೆ ಬಿಟ್ಟರೆ ಬೇರೆ ಮಾತಿಲ್ಲ. ಓಗಾ, ನೀವು ಹದಿನೆಂಟು ವರ್ಷ ಪರದೇಶದಲ್ಲಿ ಬದುಕಿದವರು. ಹೇಗೆ ಬದುಕಬೇಕು ಅಂತ ನನಗೆ ಹೇಳಿಕೊಡಿ’ ಎಂದ.

ಅಮೆರಿಕವನ್ನು ನಾನು ನೋಡಿದ್ದು ಟಿವಿಯಲ್ಲಿ. ಅದೂ ಸುಮತಿಯ ಕೈಯಲ್ಲಿ ರಿಮೋಟ್ ಇಲ್ಲದ ದಿನ. ಆದರೆ ಸಲಹೆ ಕೊಡಲು ತಿಳಿವಳಿಕೆ ಬೇಕೆಂದು ಯಾರು ಹೇಳಿದ್ದು? ಅಂದು ಸಂಜೆಯೇ ಬರೆಯಲು ಕೂತೆ. ಸುಮತಿ ಬೆಂಡೆಕಾಯಿ ಹೆಚ್ಚುತ್ತಾ ಇಣುಕಿ ನೋಡಿದಳು.

‘ಎಂತ ಬರೀತಿದ್ದೀರಿ?’

‘ಅಮೆರಿಕದಲ್ಲಿ ಬದುಕುವ ಕ್ರಮ.’

‘ನೀವು ಅಮೆರಿಕಕ್ಕೆ ಹೋದದ್ದು ಯಾವಾಗ ಮಾರಾಯ್ರೆ?’

‘ಪರದೇಶ ಅಂದ್ರೆ ಎಲ್ಲ ಒಂದೇ’ ಎಂದೆ. ಅವಳು ಬೆಂಡೆಕಾಯಿಯ ಕಡೆಗೆ ತಿರುಗಿದಳು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಹತ್ತು ದಿನ ಬರೆದೆ. ಒಟ್ಟು ನಲವತ್ತಮೂರು ಅಂಶಗಳು. ಗೋಡೆಗೆ ಮೊಳೆ ಹೊಡೆಯಬೇಡ, ಮನೆ ಬಿಡುವಾಗ ಮಾಲೀಕನ ಹತ್ತಿರ ರಗಳೆಯಾಗುತ್ತದೆ. ಹೊಸ ಪೀಠೋಪಕರಣ ಕೊಳ್ಳಬೇಡ, ಊರಿಗೆ ಹೊರಟವರಿಂದ ತೆಗೆದುಕೋ. ಈ ಮಾತಿಗೆ ನಮ್ಮ ಮನೆಯೇ ಸಾಕ್ಷಿ. ನಮ್ಮಲ್ಲಿರುವುದು ಥಾಮಸನ ಸೋಫಾ, ಫರ್ನಾಂಡಿಸರ ಫ್ರಿಜ್ಜು, ಅಹ್ಮದ್ ಬ್ಯಾರಿಯವರ ಮಂಚ. ಮಗಳು ಚಿಕ್ಕವಳಿದ್ದಾಗ ಥಾಮಸ್ ಎಂದರೆ ಸೋಫಾಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರೆಂದೇ ತಿಳಿದಿದ್ದಳು. ಟಿವಿ, ಮಿಕ್ಸರ್ ಬಂದ ರಟ್ಟಿನ ಪೆಟ್ಟಿಗೆಗಳನ್ನು ಎಸೆಯಬೇಡ, ಹಿಂತಿರುಗುವಾಗ ಬೇಕಾಗುತ್ತದೆ. ಬಿಳಿ ಹಿನ್ನೆಲೆಯ ಹನ್ನೆರಡು ಫೋಟೋ ಯಾವಾಗಲೂ ಪರ್ಸಿನಲ್ಲಿರಲಿ. ನೆರೆಯವರೊಂದಿಗೆ ಹೆಚ್ಚು ಬಳಕೆ ಬೇಡ, ಇವತ್ತು ಇರುತ್ತಾರೆ, ನಾಳೆ ಹೋಗುತ್ತಾರೆ. ಕುಂಡದಲ್ಲಿ ಗಿಡ ಬೆಳೆಸಬೇಡ, ರಜೆಗೆ ಹೋದಾಗ ನೀರು ಹಾಕುವವರಿಲ್ಲ. ಊರಿಗೆ ಯಾವಾಗ ಮರಳುತ್ತೀ ಎಂದು ಯಾರಾದರೂ ಕೇಳಿದರೆ ‘ಇನ್ನೆರಡು ವರ್ಷ’ ಎನ್ನು. ಚಳಿಯ ಬಗ್ಗೆ ಎರಡು ಪುಟ ಬರೆದೆ. ಬಹರೈನಿನ ಜನವರಿಯಲ್ಲಿ ಎರಡು ಸಂಜೆ ನಾನು ಮಂಕಿ ಟೋಪಿ ಹಾಕಿಕೊಳ್ಳುವುದುಂಟು. ಆ ಅನುಭವವನ್ನು ಹತ್ತರಿಂದ ಗುಣಿಸಿದೆ. ಎಲ್ಲವನ್ನೂ ಆಫೀಸಿನ ಪ್ರಿಂಟರಿನಲ್ಲಿ ತೆಗೆದು, ಸ್ಪೈರಲ್ ಬೈಂಡಿಂಗ್ ಮಾಡಿಸಿ, ಎಮೆಕಾನ ಕೈಗಿಟ್ಟೆ. ಅವನು ಎರಡು ಕೈಯಲ್ಲಿ ತೆಗೆದುಕೊಂಡ.

ಎಮೆಕಾ ಬದುಕುತ್ತಿದ್ದ ರೀತಿ ಈ ನಲವತ್ತಮೂರಕ್ಕೂ ವಿರುದ್ಧವಾಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಮೂರೇ ವರ್ಷದಲ್ಲಿ ಅವನು ಬಾಡಿಗೆ ಮನೆಯ ಹಜಾರಕ್ಕೆ ಹಳದಿ ಬಣ್ಣ ಹೊಡೆಸಿದ್ದ. ಎಂಟು ಜನ ಕೂರುವ ಊಟದ ಮೇಜನ್ನು ಹೊಸದಾಗಿ ಕೊಂಡಿದ್ದ. ಬಾಲ್ಕನಿಯಲ್ಲಿ ಬೆಂಡೆ, ಮೆಣಸು ಬೆಳೆದಿದ್ದ. ಕಟ್ಟಡದ ವಾಚ್‌ಮನ್ನಿನ ಮಕ್ಕಳು ಯಾವ ಕ್ಲಾಸಿನಲ್ಲಿದ್ದಾರೆ ಎಂಬುದೂ ಅವನಿಗೆ ತಿಳಿದಿತ್ತು. ‘ಏನಪ್ಪಾ, ಇಲ್ಲೇ ಮುದುಕನಾಗುವ ಅಂದಾಜಾ?’ ಎಂದು ನಾನು ಎಷ್ಟೋ ಸಲ ಅವನನ್ನು ಗೇಲಿ ಮಾಡಿದ್ದೆ. ಇಂಥವನು ಅಮೆರಿಕದಲ್ಲಿ ಮೋಸಹೋಗುವುದು ಖಂಡಿತ, ನನ್ನ ಪುಸ್ತಕ ಅವನನ್ನು ಕಾಪಾಡುತ್ತದೆ ಎಂದೇ ನಂಬಿದ್ದೆ.

ಪುಸ್ತಕ ಕೊಟ್ಟ ಮೇಲೆ ಮೂರು ದಿನ ಅವನು ನನ್ನ ಜೊತೆ ಊಟಕ್ಕೆ ಬರಲಿಲ್ಲ. ಓದುತ್ತಿದ್ದಾನೆ ಎಂದು ಹಿಗ್ಗಿದೆ. ನಾಲ್ಕನೆಯ ದಿನ ಡ್ರಾಯರಿನಿಂದ ರಾಜೀನಾಮೆ ಪತ್ರ ತೆಗೆದು, ನನ್ನೆದುರೇ ಹರಿದು ಬುಟ್ಟಿಗೆ ಹಾಕಿದ. ‘ನಾನು ಹೋಗುವುದಿಲ್ಲ ಓಗಾ. ನೀವು ಕಣ್ಣು ತೆರೆಸಿದಿರಿ’ ಎಂದ. ಅಲ್ಲಿಯತನಕ ನನ್ನ ಸಲಹೆಯನ್ನು ಯಾರಾದರೂ ಪೂರ್ತಿಯಾಗಿ ಪಾಲಿಸಿದ ಉದಾಹರಣೆ ಇರಲಿಲ್ಲ. ಇದೇ ಮೊದಲು.

ಮನೆಗೆ ಬಂದರೆ ಸುಮತಿ ಬಾಗಿಲಲ್ಲೇ ನಿಂತಿದ್ದಳು. ಅಡಾ ಫೋನ್ ಮಾಡಿದ್ದಳಂತೆ. ಕಂಪನಿಯ ಪಿಕ್‌ನಿಕ್ಕಿನಲ್ಲಿ ಪರಿಚಯವಾದಾಗಿನಿಂದ ಇವರಿಬ್ಬರೂ ತಮ್ಮ ತಮ್ಮ ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಹೇಗೆ ಅರ್ಥವಾಗುತ್ತದೋ ನನಗೆ ತಿಳಿಯದು.

‘ಅವಳು ಅಳ್ತಾ ಇದ್ಳು. ಇನ್ನು ಏಳು ವಾರ ಉಂಟಂತೆ ಅಷ್ಟೇ. ಆ ಮೇಲೆ ವೀಸಾ ಹೋಯ್ತು. ಮಕ್ಕಳ ಓದು, ಅವಳ ಕೆಲಸ, ಎಲ್ಲ ಅದರ ಮೇಲೆ ನಿಂತದ್ದು. ಶುಕ್ರವಾರ ನಾವು ಅಲ್ಲಿಗೆ ಹೋಗುವುದು. ನೀವು ಬರೆದದ್ದನ್ನು ನೀವೇ ಅಳಿಸಿ ಬರ್ಬೇಕು’ ಎಂದಳು ಸುಮತಿ.

‘ನಾನು ಒಳ್ಳೆಯದಕ್ಕೇ ಹೇಳಿದ್ದಲ್ವಾ?’

‘ನೀವು ಯಾವಾಗಲೂ ಒಳ್ಳೆಯದಕ್ಕೇ ಹೇಳುವುದು. ಅದೇ ತೊಂದರೆ.’

ಶುಕ್ರವಾರ ಮಧ್ಯಾಹ್ನ ಸನದ್‌ಗೆ ಹೋದೆವು. ಅಡಾ ಎಂಟು ಜನರ ಆ ಮೇಜಿನ ಮೇಲೆ ಕೆಂಪನೆಯ ಮಸಾಲೆ ಅನ್ನ ಬಡಿಸಿದಳು. ಖಾರ ನಮ್ಮ ಕಡೆಯದಕ್ಕೆ ಸಮನಾಗಿತ್ತು. ಊಟ ಮುಗಿಯುವವರೆಗೂ ಮರ್ಯಾದೆಯಿಂದ ಸುಮ್ಮನಿದ್ದವಳು, ತಟ್ಟೆ ಎತ್ತಿದ ಮೇಲೆ ನನ್ನ ಪುಸ್ತಕ ತಂದು ಮಧ್ಯದಲ್ಲಿಟ್ಟಳು. ಕಿರಿಯ ಮಗಳು ಅದರ ಹಿಂಬದಿಯಲ್ಲಿ ಆಗಲೇ ಒಂದು ಆನೆ ಬರೆದಿದ್ದಳು. ಆ ಪುಸ್ತಕದಿಂದ ಯಾರಿಗಾದರೂ ಆದ ಉಪಕಾರ ಅದೊಂದೇ.

‘ಓಗಾ, ಇದನ್ನು ಎರಡು ಸಲ ಓದಿದೆ. ಜೈಲಿನಿಂದ ಬಂದ ಕಾಗದದ ಹಾಗಿದೆ’ ಎಂದಳು ಅಡಾ.

ಎಮೆಕಾ ತಲೆ ತಗ್ಗಿಸಿಯೇ ಮಾತಾಡಿದ. ‘ನಿಮ್ಮಂಥ ಅನುಭವಸ್ಥರೇ ಹದಿನೆಂಟು ವರ್ಷ ಹೀಗೆ ಇರಬೇಕಾಯಿತು ಅಂದಮೇಲೆ ನನ್ನ ಪಾಡೇನು? ಈ ಮಕ್ಕಳನ್ನು ಖಾಲಿ ಪೆಟ್ಟಿಗೆಗಳ ನಡುವೆ ಬೆಳೆಸಲು ನನಗೆ ಮನಸ್ಸಿಲ್ಲ. ಅದಕ್ಕಿಂತ ಇಲ್ಲಿಯೇ ವಾಸಿ.’

ಸುಮತಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, ‘ಹೇಳಿ ಈಗ. ನಿಮಗೆ ಅಮೆರಿಕ ಎಂತ ಗೊತ್ತುಂಟು ಅಂತ ಹೇಳಿ’ ಎಂದಳು.

ಹೇಳಿದೆ. ಅಮೆರಿಕದ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಇದರಲ್ಲಿ ಬರೆದದ್ದೆಲ್ಲ ಬಹರೈನಿನ ಬಗ್ಗೆ ಎಂದೆ. ಹೇಳುತ್ತಿದ್ದಂತೆ ಅದೂ ಸುಳ್ಳೆನಿಸಿತು. ಬಹರೈನಿನಲ್ಲೇ ಎಮೆಕಾನೂ ಇದ್ದಾನಲ್ಲ, ಹಳದಿ ಗೋಡೆಯ ಮನೆಯಲ್ಲಿ. ಇಲ್ಲ, ಇದು ನನ್ನ ಫ್ಲ್ಯಾಟಿನ ಬಗ್ಗೆ ಮಾತ್ರ ಎಂದು ತಿದ್ದಿದೆ. ಎರಡು ವರ್ಷಕ್ಕೊಮ್ಮೆ ವೀಸಾ ಹೊಸದಾಗಿಸುವಾಗ ಇದೇ ಕೊನೆಯ ಸಲ ಎಂದುಕೊಳ್ಳುತ್ತಾ ಬಂದವನು ನಾನು. ಮನೆಯನ್ನು ಚೆಂದ ಮಾಡಿಕೊಂಡರೆ ಬಿಟ್ಟು ಹೋಗುವಾಗ ಹೊಟ್ಟೆ ಉರಿಯುತ್ತದೆ ಎಂಬ ಹೆದರಿಕೆ. ಆ ಹೆದರಿಕೆಗೆ ಅನುಭವ ಎಂದು ಹೆಸರಿಟ್ಟು, ಬಂದ ಹೊಸಬರಿಗೆಲ್ಲ ಹಂಚಿದೆ. ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಾಗ ನನ್ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಎಸಿ ಚೆನ್ನಾಗಿಯೇ ನಡೆಯುತ್ತಿತ್ತು. ನಿಜವಾಗಿಯೂ ನಾಚಿಕೆಯಾಯಿತು. ಸುಮತಿ ಕಣ್ಣೊರೆಸಿಕೊಂಡದ್ದನ್ನು ನೋಡಿ ಇನ್ನೂ ಹೆಚ್ಚಾಯಿತು. ಅವಳೂ ಹದಿನೆಂಟು ವರ್ಷ ಆ ಫ್ಲ್ಯಾಟಿನಲ್ಲೇ ಇದ್ದವಳು.

ಎಮೆಕಾ ತಲೆಯೆತ್ತಿದ. ‘ಹಾಗಾದರೆ ನಾನು ಹೋಗಬಹುದು ಅನ್ನುತ್ತೀರಾ?’

‘ಹೋಗು. ಇಲ್ಲಿ ಹೇಗೆ ಇದ್ದೀಯೋ ಅಲ್ಲಿಯೂ ಹಾಗೆಯೇ ಇರು’ ಎಂದೆ. ನನ್ನ ಜೀವನದಲ್ಲಿ ನಾನು ಕೊಟ್ಟ ಅತಿ ಚಿಕ್ಕ ಸಲಹೆ ಅದು.

ಅಡಾ ಪುಸ್ತಕದ ಕೊನೆಯ ಖಾಲಿ ಹಾಳೆ ತೆರೆದು ಪೆನ್ನನ್ನು ಸುಮತಿಯ ಕೈಗೆ ಕೊಟ್ಟಳು. ‘ಅಕ್ಕಾ, ನೀನೊಂದು ಬರೆ.’ ಅಕ್ಕ ಎಂಬ ಶಬ್ದವನ್ನು ಅವಳು ಯಾವಾಗ ಕಲಿತಳೋ. ಸುಮತಿ ನಿಧಾನವಾಗಿ ಒಂದೊಂದೇ ಅಕ್ಷರ ಕೂಡಿಸಿ ಬರೆದಳು: ಅಲ್ಲಿಗೆ ಹೋದ ಮೊದಲ ವಾರವೇ ಪಕ್ಕದ ಮನೆಗೆ ಏನಾದರೂ ಸಿಹಿ ಕೊಟ್ಟು ಅವರ ಹೆಸರು ಕೇಳಿ.

‘ನಿಮ್ಮ ಪಕ್ಕದ ಮನೆಯವರ ಹೆಸರೇನು ಓಗಾ?’ ಎಂದು ಎಮೆಕಾ ಸುಮ್ಮನೆ ಕೇಳಿದ.

‘ಮೂವತ್ತೆರಡು’ ಎಂದೆ. ಅದು ಅವರ ಫ್ಲ್ಯಾಟಿನ ನಂಬರು. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಅವರು ಲಿಫ್ಟಿನೊಳಗೆ ಹೋದ ಮೇಲೆಯೇ ನಾನು ಬಾಗಿಲು ತೆಗೆಯುವುದು. ಎಮೆಕಾ ಮೇಜಿನ ಮೇಲೆ ತಲೆಯಿಟ್ಟು ನಕ್ಕ. ಒಂದು ವಾರದಿಂದ ಅವನು ನಕ್ಕಿರಲಿಲ್ಲ ಎಂದು ಅಡಾ ಹೇಳಿದಳು.

ಭಾನುವಾರ ಬೆಳಿಗ್ಗೆ ಅವನು ಹೊಸ ರಾಜೀನಾಮೆ ಪತ್ರ ಕೊಟ್ಟ. ವೀಸಾ ಮುಗಿಯಲು ಒಂಬತ್ತು ದಿನ ಬಾಕಿಯಿರುವಾಗ ನಾಲ್ವರೂ ವಿಮಾನ ಹತ್ತಿದರು. ಅವರ ಮೂರು ಪೆಟ್ಟಿಗೆಗಳಿಗೆ ನೈಲಾನ್ ಹಗ್ಗ ಕಟ್ಟಿ, ಆರು ಬದಿಗೂ ಮಾರ್ಕರಿನಲ್ಲಿ ಹೆಸರು ಬರೆದುಕೊಟ್ಟವನು ನಾನು. ಗಲ್ಫಿನಲ್ಲಿ ಇಷ್ಟು ವರ್ಷ ಇದ್ದವನು ಕಟ್ಟಿದ ಗಂಟು ಎಲ್ಲಿಯೂ ಬಿಚ್ಚಿಕೊಳ್ಳುವುದಿಲ್ಲ. ಹೋಗುವಾಗ ಎಮೆಕಾ ನನ್ನನ್ನು ಅಪ್ಪಿಕೊಂಡ. ಅವನು ಹೋದದ್ದಕ್ಕೆ ನನಗೆ ದುಃಖವಾಯಿತು, ಈಗಲೂ ಪಕ್ಕದ ಮೇಜಿನ ಕಡೆ ತಿರುಗಿ ಮಾತು ಶುರು ಮಾಡಿಬಿಡುತ್ತೇನೆ.

ಮುಂದಿನ ಶುಕ್ರವಾರ ಸುಮತಿ ಕಡಲೆಬೇಳೆಯ ಹಯಗ್ರೀವ ಮಾಡಿ, ಒಂದು ತಟ್ಟೆಯಲ್ಲಿ ಹಾಕಿ, ನನ್ನನ್ನು ಹೊರಗೆ ನಿಲ್ಲಿಸಿ ಒಳಗಿನಿಂದ ಚಿಲಕ ಹಾಕಿಕೊಂಡಳು. ‘ಹೆಸರು ಕೇಳಿ ಬನ್ನಿ’ ಎಂಬ ದನಿ ಮಾತ್ರ ಕೇಳಿತು. ಎಂಟು ಹೆಜ್ಜೆ ದಾಟಿ ಮೂವತ್ತೆರಡರ ಬೆಲ್ ಒತ್ತಿದೆ. ಮೂವತ್ತರ ಆಸುಪಾಸಿನ, ಗಡ್ಡ ಬಿಟ್ಟ ಒಬ್ಬ ಪಾಕಿಸ್ತಾನಿ ಬಾಗಿಲು ತೆಗೆದ. ತಟ್ಟೆ ಹಿಡಿದು ನಿಂತ ನನ್ನನ್ನು ಕಂಡು ಅವನ ಮುಖದಲ್ಲಿ ಕನಿಕರ ಮೂಡಿತು.

‘ನಯೇ ಆಯೇ ಹೋ, ಭಾಯಿಸಾಬ್?’

ಹೊಸಬರೇ ಎಂದು ಕೇಳುತ್ತಿದ್ದಾನೆ. ಹದಿನೆಂಟು ವರ್ಷ ಎಂದು ಬಾಯಿ ತೆರೆದೆ. ಹೊರಗೆ ಬಂದದ್ದು ‘ಹಾಂ, ಇಸೀ ಹಫ್ತೇ’ ಎಂಬ ಮಾತು. ಈ ವಾರವೇ ಬಂದೆ ಎಂದುಬಿಟ್ಟಿದ್ದೆ. ಅವನು ನನ್ನ ಕೈಹಿಡಿದು ಒಳಗೆ ಕರೆದೊಯ್ದು ಕೂರಿಸಿದ. ಚಹಾ ತರಿಸಿದ. ತಾನು ಬಂದು ಹದಿನಾಲ್ಕು ತಿಂಗಳಾಯಿತು, ಸಂಕೋಚ ಬೇಡ, ಎಲ್ಲ ಹೇಳಿಕೊಡುತ್ತೇನೆ ಎಂದ. ಒಂದು ಗಂಟೆ ಹೇಳಿಕೊಟ್ಟ. ಅವನ ಹೆಂಡತಿ ಪರದೆಯ ಸಂದಿನಿಂದ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದದ್ದೂ ಕಂಡಿತು. ಬೇಸಿಗೆಯಲ್ಲಿ ಮಹಡಿಯ ಟ್ಯಾಂಕಿನ ನೀರು ಕುದಿಯುತ್ತದಲ್ಲ, ಆಗ ಗೀಸರ್ ಆಫ್ ಮಾಡಿಟ್ಟು ಬಿಸಿನೀರಿನ ನಲ್ಲಿ ತಿರುಗಿಸಬೇಕಂತೆ. ಮನೆಯೊಳಗಿನ ಗೀಸರಿನಲ್ಲಿ ನಿಂತ ನೀರು ತಣ್ಣಗಿರುತ್ತದಂತೆ. ನಾನು ಹದಿನೆಂಟು ಬೇಸಿಗೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಕೆಟ್ ತುಂಬಿಸಿಟ್ಟವನು. ಕಾಗದ ಕೇಳಿ ಬರೆದುಕೊಂಡೆ.

ಮನೆಗೆ ಬಂದೊಡನೆ ನೇರವಾಗಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿದೆ. ಆ ಜುಲೈ ತಿಂಗಳಲ್ಲೂ ನೀರು ತಣ್ಣಗೆ ಬಂತು, ಅವನು ಹೇಳಿದ್ದು ನಿಜ. ಸುಮತಿ ಹಿಂದೆ ಬಂದು ನಿಂತು, ‘ಹೆಸರು ಎಂತಂತೆ?’ ಎಂದು ಕೇಳಿದಳು.

ಹೆಸರು ಕೇಳುವುದನ್ನು ಮರೆತಿದ್ದೆ. ನಾಳೆ ತಟ್ಟೆ ತರಲು ಹೋಗುವಾಗ ಕೇಳಬೇಕು. ಆದರೆ ಮೊದಲು ಅವನ ಹೆಸರು ಕೇಳುವುದೋ, ನಾನು ಹದಿನೆಂಟು ವರ್ಷದಿಂದ ಈ ಪಕ್ಕದ ಬಾಗಿಲಿನಲ್ಲೇ ಇದ್ದೇನೆಂದು ಮೊದಲು ಹೇಳುವುದೋ ತೋಚುತ್ತಿಲ್ಲ. ಈ ವಿಷಯದಲ್ಲಿ ಯಾರಾದರೂ ನನಗೊಂದು ಸಲಹೆ ಕೊಡಬೇಕು.