ಅಭ್ಯರ್ಥಿಯಾಗಲು ನಾನು ಲೋಕಲ್ ತಪ್ಪಿಸಿದ್ದು

ಪದವಿಯ ಆಸೆಯಿಲ್ಲವೆಂದು ಹೇಳುತ್ತಲೇ ಅದಕ್ಕಾಗಿ ಬಾಯಿ ಬಿಡುವವರು ಲೋಕದಲ್ಲಿ ಬಹಳ ಮಂದಿ. ಅವರಲ್ಲಿ ನಾನೂ ಒಬ್ಬನಾಗಿದ್ದೆನೆಂದು ಒಪ್ಪಿಕೊಳ್ಳಲು ಈಗ ನಾಚಿಕೆಯೇನಿಲ್ಲ. ರಾಷ್ಟ್ರಪತಿಯ ಅಭ್ಯರ್ಥಿ ಯಾರೆಂದು ದೇಶದ ದೊಡ್ಡ ಪಕ್ಷವೇ ಕಿತ್ತಾಡಿಕೊಂಡ ವರ್ಷ ಅದು. ಬೊರಿವಲಿಯ ನಮ್ಮ ಕನ್ನಡ ಸಂಘ ಅದಕ್ಕೂ ಮೊದಲೇ ಇಬ್ಭಾಗವಾಗಿತ್ತು. ಸ್ಟೇಷನ್ನಿನ ಪೂರ್ವದವರದ್ದು ಒಂದು ಪಕ್ಷ, ಪಶ್ಚಿಮದವರದ್ದು ಇನ್ನೊಂದು. ಅಧ್ಯಕ್ಷ ಸ್ಥಾನಕ್ಕೆ ಪಕ್ಷಕ್ಕೊಬ್ಬ ಅಭ್ಯರ್ಥಿ. ನಮ್ಮ ಪೂರ್ವದ ಪಕ್ಷ ತನ್ನವನನ್ನು ಆರಿಸುತ್ತಿದ್ದುದು ಬೆಳಗಿನ ಎಂಟೂ ಹನ್ನೆರಡರ ಚರ್ಚ್‌ಗೇಟ್ ಲೋಕಲ್‌ನಲ್ಲಿ.

ಫೋರ್ಟಿಗೆ ದುಡಿಯಲು ಹೋಗುವ ಎಂಟು ಜನ ನಾವು ದಿನವೂ ಒಂದೇ ಡಬ್ಬಿ ಹತ್ತುತ್ತಿದ್ದೆವು. ಮುಖದ ಮುಂದೆ ಯಾರನ್ನೂ ತೂಗಬಾರದು, ಅಂದು ಬಾರದವನ ಯೋಗ್ಯತೆಯನ್ನಷ್ಟೇ ತೂಗಬೇಕೆಂಬುದು ನಮ್ಮ ಪದ್ಧತಿ. ಕುಂದಾಪುರದ ಪೈಗಳು ಜ್ವರ ಬಂದು ಮಲಗಿದ ದಿನ, ಹುಬ್ಬಳ್ಳಿ ಕಡೆಯ ಟೇಲರ್ ಮಹಬೂಬಸಾಬರು, "ಪೈಯವರು ಮನಶ್ಯಾ ಚಲೋ ಅದಾರ್ರೀ. ಖರೆ, ಮಲಾಡದಾಗ ಭಾಷಣ ಚಾಲೂ ಮಾಡಿದ್ರ ದಾದರ ಬಂದ್ರೂ ಮುಗಸಂಗಿಲ್ಲ" ಎಂದರು. ಪೈಗಳ ಹೆಸರು ಅಲ್ಲಿಗೆ ಬಿತ್ತು. ತಂಗಿಯ ಮದುವೆಗೆಂದು ನಮ್ಮ ಡಬ್ಬಿಯ ಪಾಟೀಲ ರಜೆ ಹಾಕಿದಾಗ ತೂಗುವ ಸರದಿ ಪೈಗಳದು. "ಪಾಪದ ಜನ ಮಾರಾಯ್ರೆ. ಆದರೆ ಅವನು ಟೈಮಿಗೆ ಸರಿಯಾಗಿ ಮೀಟಿಂಗಿಗೆ ಬಂದದ್ದು ನೀವು ಯಾರಾದರೂ ಕಂಡದ್ದುಂಟಾ?" ಎಂದರು. ಪಾಟೀಲನೂ ಹೋದ.

ನನ್ನ ಕಷ್ಟವೆಂದರೆ, ನಾನು ಒಂದು ದಿನವೂ ಆ ಗಾಡಿ ತಪ್ಪಿಸಿದವನಲ್ಲ. ಹಾಗಾಗಿ ನನ್ನನ್ನು ಯಾರೂ ತೂಗಿರಲೇ ಇಲ್ಲ; ತೂಗದವನು ಅಭ್ಯರ್ಥಿಯಾಗುವಂತಿರಲಿಲ್ಲ. ನಾಮಪತ್ರಕ್ಕೆ ಮೂರೇ ದಿನ ಉಳಿದಾಗ ನನಗೆ ನಿದ್ದೆ ಬಾರದಾಯಿತು. ಆ ಕುರ್ಚಿ ನನಗೆ ನಿಜವಾಗಿಯೂ ಬೇಕಿತ್ತು. ಆಫೀಸಿನಲ್ಲಿ ಸಾಹೇಬರಿಂದ ಹಿಡಿದು ಪ್ಯೂನ್‌ವರೆಗೆ ಎಲ್ಲರೂ ನನ್ನನ್ನು 'ಏ ಟೈಪಿಂಗ್' ಎಂದೇ ಕರೆಯುತ್ತಿದ್ದರು. ಒಂದು ವರ್ಷವಾದರೂ ಯಾರಾದರೂ 'ಅಧ್ಯಕ್ಷರೇ' ಎನ್ನಲಿ ಎಂದು ಆಸೆಪಟ್ಟೆ.

ಮಂಗಳವಾರ ಟೀ ಸ್ಟಾಲಿನ ಹಿಂದೆ ಅವಿತು ನಿಂತು ನಮ್ಮ ಗಾಡಿಯನ್ನು ಹೋಗಲು ಬಿಟ್ಟೆ. ಆಮೇಲಿನ ಸ್ಲೋ ಲೋಕಲ್‌ನ ಬಾಗಿಲಲ್ಲಿ ನೇತಾಡುತ್ತ ಹೋಗುವಾಗ ಮನಸ್ಸೆಲ್ಲ ಮುಂದೆ ಹೋದ ನಮ್ಮ ಗಾಡಿಯಲ್ಲೇ ಇತ್ತು. ಮಲಾಡಿನಲ್ಲಿ ನನ್ನ ಹೆಸರು ಎದ್ದಿರಬೇಕು. ಅಂಧೇರಿಯಲ್ಲಿ ನನ್ನ ಶಿಸ್ತನ್ನು ಹೊಗಳಿರಬೇಕು. ಬಾಂದ್ರಾದಲ್ಲಿ ಪೈಗಳು ನನ್ನ ಮುಂಗೋಪದ ಮಾತೆತ್ತಿರಬೇಕು, ಮಹಬೂಬಸಾಬರು ಅದಕ್ಕೆ ತಕ್ಕ ಉತ್ತರ ಕೊಟ್ಟಿರಬೇಕು. ಅರ್ಧ ಗಂಟೆ ತಡವಾಗಿ ಹೋಗಿ ಸಾಹೇಬರಿಂದ ಚೆನ್ನಾಗಿ ಬೈಸಿಕೊಂಡೆ. ಅಧ್ಯಕ್ಷನಾಗುವವನು ಇಷ್ಟಾದರೂ ಸಹಿಸಬೇಕೆಂದು ಸಮಾಧಾನ ಮಾಡಿಕೊಂಡೆ.

ಮರುದಿನ ಡಬ್ಬಿ ಹತ್ತಿ, ಏನೂ ಅರಿಯದವನಂತೆ ಕಾದೆ. ಕಾಂದಿವಲಿ ದಾಟಿತು, ಮಲಾಡ್ ದಾಟಿತು, ಯಾರೂ ಸೊಲ್ಲೆತ್ತಲಿಲ್ಲ. ತಡೆಯಲಾರದೆ ಮಹಬೂಬಸಾಬರ ಕಿವಿಯ ಬಳಿ ಬಗ್ಗಿ, "ನಿನ್ನೆ ಯಾರ ಹೆಸರು ಬಂತು?" ಎಂದು ಕೇಳಿದೆ.

"ನಿನ್ನಿ ಯಾರನ್ನ ತೂಗೋದ್ರಿ?" ಎಂದರು ಅವರು ನನ್ನನ್ನೇ ವಿಚಿತ್ರವಾಗಿ ನೋಡುತ್ತ. "ಎಲ್ಲಾರೂ ಬಂದಿದ್ರಲ್ಲ. ನೀವೂ ಇದ್ರಲ್ರೀ."

"ಹೌದು, ನನಗೇ ಮರೆತುಹೋಗಿತ್ತು" ಎಂದೆ.